ಕಾನ್ರಾಡ್ ವೈಸರ್: ದುಭಾಷಿ, ನ್ಯಾಯಾಧೀಶ, ಅರವತ್ತರ ಹೊಸ್ತಿಲಲ್ಲಿ ಕರ್ನಲ್

ಪ್ರಶ್ನೆ: ಮಗಳ ಮನೆಗೆಂದು ಅಮೆರಿಕಕ್ಕೆ ಹೋದಾಗ ಪೆನ್ಸಿಲ್ವೇನಿಯಾದ ವೊಮೆಲ್ಸ್‌ಡಾರ್ಫ್ ಎಂಬ ಸಣ್ಣ ಊರಿನಲ್ಲಿ ಕಾನ್ರಾಡ್ ವೈಸರ್ ಎಂಬಾತನ ಜಮೀನು, ಸಮಾಧಿ ನೋಡಿ ಬಂದೆವು. ಆತ ರೈತ, ದುಭಾಷಿ, ನ್ಯಾಯಾಧೀಶ, ಕರ್ನಲ್ ಎಲ್ಲವೂ ಆಗಿದ್ದನಂತೆ. ಒಬ್ಬನೇ ಮನುಷ್ಯ ಇಷ್ಟೆಲ್ಲ ಹೇಗಾದ? ಸಂಬಳ ಯಾರು ಕೊಡುತ್ತಿದ್ದರು? ಮೂಲನಿವಾಸಿಗಳ ಸ್ನೇಹಿತ ಅಂತಾರೆ, ಅವರ ವಿರುದ್ಧವೇ ಕೋಟೆ ಕಾದ ಅಂತಲೂ ಅಂತಾರೆ. ಯಾವುದು ನಿಜ? ಮ್ಯೂಲೆನ್‌ಬರ್ಗ್ ಮನೆತನಕ್ಕೂ ಆತನಿಗೂ ಏನು ಸಂಬಂಧ?

ಉತ್ತರ: ಎರಡೂ ನಿಜ. ಆತ ಇರೊಕ್ವಾ ಎಂಬ ಮೂಲನಿವಾಸಿ ಒಕ್ಕೂಟದ ಜನರಿಗೆ ಆಪ್ತನೂ ಹೌದು, ಗಡಿಯ ಕೋಟೆಗಳ ಉಸ್ತುವಾರಿ ಹೊತ್ತ ಕರ್ನಲ್ಲೂ ಹೌದು. ಇವೆರಡನ್ನೂ ಬೇರೆ ಬೇರೆ ಇಟ್ಟು ಹೇಳುವುದರಿಂದಲೇ ಗೊಂದಲವಾಗುತ್ತದೆ. ನಡುವೆ ಇರುವುದು ಜಮೀನಿನ ವ್ಯವಹಾರ. 1755ರಲ್ಲಿ ಯಾವ ದಾಳಿಯಿಂದಾಗಿ ವೈಸರ್ ಕರ್ನಲ್ ಆಗಬೇಕಾಯಿತೋ ಆ ದಾಳಿ ನಡೆದ ಜಮೀನನ್ನು ಹಿಂದಿನ ವರ್ಷವಷ್ಟೇ ಪೆನ್ಸಿಲ್ವೇನಿಯಾದ ಒಡೆಯರಾದ ಪೆನ್ ಮನೆತನಕ್ಕೆ ಕೊಡಿಸಲು ಆತನೇ ಓಡಾಡಿದ್ದ. ಇದನ್ನು ಬಿಟ್ಟು ಆತನ ಕಥೆ ಹೇಳುವವರು ಬಹಳ ಜನ. ನಾನು ಅದನ್ನೇ ಮುಖ್ಯವಾಗಿ ಇಟ್ಟುಕೊಂಡು ಹೇಳುತ್ತೇನೆ.

ಮೊದಲು ನಿಮ್ಮ ಮೊದಲ ಪ್ರಶ್ನೆ. ಹದಿನೆಂಟನೇ ಶತಮಾನದ ಬ್ರಿಟಿಷ್ ಅಮೆರಿಕದಲ್ಲಿ ಹಳ್ಳಿ ಮಟ್ಟದಲ್ಲಿ ನೌಕರಶಾಹಿ ಅಂತ ಒಂದು ಇರಲೇ ಇಲ್ಲ. ಪೊಲೀಸ್ ಠಾಣೆ ಇಲ್ಲ, ತಾಲ್ಲೂಕು ಕಚೇರಿ ಇಲ್ಲ, ಕಾಯಂ ಸೈನ್ಯವೂ ಸಮುದ್ರದ ಆಚೆ. ರಸ್ತೆ ಮಾಡಿಸುವುದು, ತೆರಿಗೆ ಎತ್ತುವುದು, ಜಗಳ ತೀರಿಸುವುದು, ಕಳ್ಳನನ್ನು ಹಿಡಿಸುವುದು, ಎಲ್ಲ ಊರಿನ ನಾಲ್ಕು ಜನ ಅನುಕೂಲಸ್ಥರ ತಲೆಗೇ ಬರುತ್ತಿತ್ತು. ನಮ್ಮ ಹಳೇ ಮೈಸೂರಿನ ಹಳ್ಳಿಗಳಲ್ಲಿ ಪಟೇಲರು ಕಂದಾಯವನ್ನೂ ನೋಡಿಕೊಂಡು ಪಂಚಾಯ್ತಿಯನ್ನೂ ಮಾಡುತ್ತಿದ್ದರಲ್ಲ, ಹೆಚ್ಚುಕಮ್ಮಿ ಹಾಗೆ. ಮ್ಯಾಸಚೂಸೆಟ್ಸ್, ವರ್ಜೀನಿಯಾದಂಥ ವಸಾಹತುಗಳಲ್ಲಿ ಇದರ ಜೊತೆಗೆ ಮಿಲಿಷಿಯಾ ಕೂಡ ಸೇರಿತ್ತು. ಮಿಲಿಷಿಯಾ ಎಂದರೆ ಊರಿನ ಪಡೆ. ದುಡಿಯುವ ವಯಸ್ಸಿನ ಗಂಡಸರೆಲ್ಲ ಹೆಸರು ಬರೆಸಬೇಕು, ಸ್ವಂತ ಬಂದೂಕು ಇಟ್ಟುಕೊಳ್ಳಬೇಕು, ವರ್ಷದಲ್ಲಿ ಕೆಲವು ದಿನ ಮೈದಾನದಲ್ಲಿ ಸೇರಿ ಕವಾಯತು ಮಾಡಬೇಕು. ಅದರ ಕ್ಯಾಪ್ಟನ್, ಕರ್ನಲ್ ಆಗುವವರು ಯುದ್ಧ ಕಲಿತವರೇ ಆಗಬೇಕೆಂದಿಲ್ಲ. ಜಮೀನಿದ್ದವರು, ನ್ಯಾಯಪೀಠದಲ್ಲಿ ಕೂರುವವರು, ಚರ್ಚಿನಲ್ಲಿ ಮುಂದಿನ ಸಾಲಿನವರು. ಜಾರ್ಜ್ ವಾಷಿಂಗ್ಟನ್ ಕೂಡ ಇದೇ ದಾರಿಯಲ್ಲಿ ಬಂದವನು. ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಸರ್ವೇಯರ್, ಮಿಲಿಷಿಯಾದ ಅಧಿಕಾರಿ, ಶಾಸನಸಭೆಯ ಸದಸ್ಯ, ಎಲ್ಲವನ್ನೂ ಒಂದಾದ ಮೇಲೊಂದು ಆದ.

ಪೆನ್ಸಿಲ್ವೇನಿಯಾ ಮಾತ್ರ ಬೇರೆ. 1681ರಲ್ಲಿ ವಿಲಿಯಂ ಪೆನ್‌ಗೆ ರಾಜನಿಂದ ಸಿಕ್ಕ ಈ ವಸಾಹತಿನಲ್ಲಿ ಶಾಸನಸಭೆ ಕ್ವೇಕರರ ಕೈಯಲ್ಲಿತ್ತು. ಕ್ವೇಕರರು ಆಯುಧ ಹಿಡಿಯುವುದನ್ನೇ ಒಪ್ಪದ ಪಂಗಡದವರು. ಹಾಗಾಗಿ 1755ರವರೆಗೆ ಅಲ್ಲಿ ಮಿಲಿಷಿಯಾ ಕಾನೂನೇ ಇರಲಿಲ್ಲ. ಬೇರೆ ಕಡೆ ಮೊದಲು ಮಿಲಿಷಿಯಾ ಪದವಿ, ಆಮೇಲೆ ಮಿಕ್ಕಿದ್ದು. ವೈಸರ್ ವಿಷಯದಲ್ಲಿ ಉಲ್ಟಾ. ಮಿಕ್ಕೆಲ್ಲ ಕೆಲಸ ಮಾಡಿ ಸುಸ್ತಾದ ಮೇಲೆ, ಐವತ್ತೊಂಬತ್ತಕ್ಕೆ ಕಾಲಿಡುವ ಹೊತ್ತಿಗೆ, ಬೇರೆ ಯಾರೂ ಇಲ್ಲದ್ದಕ್ಕೆ ಕರ್ನಲ್ ಪದವಿ ಬಂತು.

ಆತ ಹುಟ್ಟಿದ್ದು 1696ರಲ್ಲಿ, ಜರ್ಮನಿಯ ವುರ್ಟೆಂಬರ್ಗ್ ಸೀಮೆಯಲ್ಲಿ. ಯುದ್ಧ, ಬರಗಾಲ, 1709ರ ಭಯಂಕರ ಚಳಿ ಸೇರಿ ಆ ಕಡೆಯ ಸಾವಿರಾರು ಬಡವರನ್ನು ಊರು ಬಿಡಿಸಿದವು. ಅದೇ ವರ್ಷ ಕಾನ್ರಾಡನ ತಾಯಿ ತೀರಿಕೊಂಡಳು. ಅಪ್ಪ ಮಕ್ಕಳನ್ನು ಕಟ್ಟಿಕೊಂಡು ಲಂಡನ್‌ಗೆ ಬಂದ. ಬ್ರಿಟಿಷ್ ಸರ್ಕಾರ 1710ರಲ್ಲಿ ಇಂಥ ಸುಮಾರು 3,000 ಜನರನ್ನು ಹಡಗು ಹತ್ತಿಸಿ ನ್ಯೂಯಾರ್ಕ್ ವಸಾಹತಿಗೆ ಕಳಿಸಿತು. ಅಲ್ಲಿ ಹಡ್ಸನ್ ನದಿಯ ದಂಡೆಯಲ್ಲಿ ಪೈನ್ ಮರಗಳಿಂದ ನೌಕಾಪಡೆಗೆ ಬೇಕಾದ ಡಾಂಬರು ತೆಗೆಯಬೇಕು, ಪ್ರಯಾಣದ ಸಾಲ ತೀರಿಸಬೇಕು ಅನ್ನುವುದು ಕರಾರು. ದಾರಿಯಲ್ಲೂ ಇಳಿದ ಮೇಲೂ ನೂರಾರು ಜನ ಜ್ವರದಿಂದ ಸತ್ತರು. ಗವರ್ನರ್ ಅನೇಕ ಮಕ್ಕಳನ್ನು ಹೆತ್ತವರಿಂದ ಬಿಡಿಸಿ ಬೇರೆಯವರ ಮನೆಗೆ ಕೆಲಸಕ್ಕೆ ಹಚ್ಚಿದ. ಕಾನ್ರಾಡನ ಇಬ್ಬರು ತಮ್ಮಂದಿರೂ ಹಾಗೆ ಹೋದರು. ಡಾಂಬರಿನ ಯೋಜನೆ ಎರಡೇ ವರ್ಷದಲ್ಲಿ ಮುಗ್ಗರಿಸಿತು. ತಿನ್ನಲು ಇಲ್ಲದ ಜನ ತಾವೇ ದಾರಿ ಹುಡುಕಿಕೊಂಡು ಸ್ಕೊಹರೀ ಕಣಿವೆಗೆ ಹೊರಟರು.

ಆ ಕಣಿವೆ ಇರೊಕ್ವಾ ಒಕ್ಕೂಟದ ಮೊಹಾಕ್ ಜನರ ನೆಲೆಗೆ ಹತ್ತಿರ. ಅವರ ಜೊತೆ ಹೊಂದಿಕೊಳ್ಳದೆ ಬದುಕುವಂತಿಲ್ಲ ಎಂದು ಅಪ್ಪನಿಗೆ ಗೊತ್ತಾಯಿತು. ಹದಿನಾರು ವರ್ಷದ ಕಾನ್ರಾಡನನ್ನು 1712ರ ಚಳಿಗಾಲದಲ್ಲಿ ಮೊಹಾಕರ ಹಳ್ಳಿಗೆ ಭಾಷೆ ಕಲಿಯಲು ಬಿಟ್ಟುಬಂದ. ಹುಡುಗ ಅಲ್ಲಿ ಸುಮಾರು ಎಂಟು ತಿಂಗಳಿದ್ದ. ಮುಂದೆ ದೊಡ್ಡವನಾದ ಮೇಲೆ ಜರ್ಮನ್ ಭಾಷೆಯಲ್ಲಿ ಆತ ಬರೆದಿಟ್ಟ ಚಿಕ್ಕ ಆತ್ಮಕಥನದಲ್ಲಿ ಆ ಚಳಿಗಾಲದ ಮಾತು ಬರುತ್ತದೆ. ಮೈಮೇಲೆ ಸರಿಯಾದ ಬಟ್ಟೆಯಿಲ್ಲದೆ ಚಳಿ ತಿಂದದ್ದು, ಆ ಜನರಿಗೇ ಊಟಕ್ಕಿಲ್ಲದಾಗ ತಾನೂ ಹಸಿದಿದ್ದದ್ದು, ಕುಡಿದವರು ಕೊಲ್ಲುತ್ತೇವೆಂದು ಬಂದಾಗ ಓಡಿ ಅಡಗಿದ್ದು. ಅದರಲ್ಲಿ ದೂರಿಗಿಂತ ನೆನಪೇ ಜಾಸ್ತಿ. ಮುಂದಿನ ಐವತ್ತು ವರ್ಷದ ಅವನ ಎಲ್ಲ ಪದವಿಗಳಿಗೂ ಬಂಡವಾಳ ಅದೇ ಎಂಟು ತಿಂಗಳು.

1720ರಲ್ಲಿ ಅನ್ನಾ ಈವ್ ಎಂಬಾಕೆಯೊಂದಿಗೆ ಮದುವೆಯಾಯಿತು. ಹದಿನಾಲ್ಕು ಮಕ್ಕಳು ಹುಟ್ಟಿ ಅರ್ಧದಷ್ಟೇ ದೊಡ್ಡವರಾದರು. ಸ್ಕೊಹರೀಯಲ್ಲಿ ಜಮೀನಿನ ಹಕ್ಕುಪತ್ರ ಸರಿಯಾಗದೆ ತಂಟೆ ಮುಗಿಯಲೇ ಇಲ್ಲ. 1729ರಲ್ಲಿ ಆತ ಸಂಸಾರ ಸಮೇತ ಪೆನ್ಸಿಲ್ವೇನಿಯಾದ ಟುಲ್ಪೆಹಾಕನ್ ಕಣಿವೆಗೆ ಬಂದ. ನೀವು ನೋಡಿದ್ದು ಅದೇ ಜಾಗ. ಅಲ್ಲಿ ಮೊದಲೇ ಬಂದು ನೆಲೆಸಿದ್ದ ಜರ್ಮನ್ ರೈತರಿದ್ದರು. ಬೇಸಾಯ ಚೆನ್ನಾಗಿ ಹತ್ತಿತು.

ಆತನನ್ನು ಹೊಲದಿಂದ ಎಬ್ಬಿಸಿ ಫಿಲಡೆಲ್ಫಿಯಾದ ಸರ್ಕಾರಿ ಮೇಜಿಗೆ ಕೂರಿಸಿದ್ದು ಶಿಕೆಲಾಮಿಯ ಸ್ನೇಹ. ಶಿಕೆಲಾಮಿ ಒನೈಡಾ ಮುಖಂಡ. ಮೊಹಾಕ್, ಒನೈಡಾ, ಒನೊಂಡಾಗ, ಕಯೂಗ, ಸೆನೆಕ, ಟಸ್ಕರೋರ ಎಂಬ ಆರು ಜನಾಂಗಗಳು ಸೇರಿದ ಇರೊಕ್ವಾ ಒಕ್ಕೂಟ ಸಸ್ಕ್ವೆಹಾನ್ನಾ ನದಿಯ ಕಡೆಯ ವ್ಯವಹಾರ ನೋಡಿಕೊಳ್ಳಲು ಅವನನ್ನು ಶಮೋಕಿನ್ ಎಂಬಲ್ಲಿ ಇರಿಸಿತ್ತು. 1731ರಲ್ಲಿ ಶಿಕೆಲಾಮಿ ಫಿಲಡೆಲ್ಫಿಯಾಕ್ಕೆ ಹೋಗುವಾಗ ವೈಸರ್‌ನನ್ನು ಜೊತೆಗೆ ಕರೆದೊಯ್ದ. ಅಲ್ಲಿಂದ ಮುಂದೆ ಪೆನ್ಸಿಲ್ವೇನಿಯಾ ಸರ್ಕಾರ ಇರೊಕ್ವಾ ಜನರ ಜೊತೆ ಮಾತನಾಡಬೇಕಾದಾಗಲೆಲ್ಲ ನಡುವೆ ವೈಸರ್ ಇರುತ್ತಿದ್ದ. ಅವರು ಅವನಿಗೆ ತರಾಚಿಯವಾಗನ್ ಎಂದು ಹೆಸರಿಟ್ಟಿದ್ದರು. ಅವರ ಪುರಾಣದಲ್ಲಿ ಅದು ಆಕಾಶವನ್ನು ಹಿಡಿದಿರುವವನ ಹೆಸರು.

ದುಭಾಷಿ ಅಂದರೆ ಸುಮ್ನೆ ಮಾತು ತಿರುಗಿಸುವವನು ಅಂದುಕೊಳ್ಳಬೇಡಿ. ಇರೊಕ್ವಾ ಸಭೆಗೆ ಅದರದ್ದೇ ಕಟ್ಟುಪಾಡಿತ್ತು. ಮಾತು ಶುರುವಾಗುವ ಮೊದಲು ಎರಡೂ ಕಡೆ ಸತ್ತವರಿಗಾಗಿ ಶೋಕ ಹೇಳಬೇಕು. ದೂರದಿಂದ ಬಂದವರ ಕಣ್ಣೀರು ಒರೆಸಿ, ಕಿವಿ ತೆರೆಸಿ, ಗಂಟಲು ಸರಿಮಾಡುವ ಮಾತುಗಳನ್ನು ವಿಧಿಯಂತೆ ಆಡಬೇಕು. ಆಮೇಲೆ ಒಂದೊಂದು ವಿಷಯಕ್ಕೂ ಒಂದೊಂದು ವಾಂಪಮ್ ಪಟ್ಟಿ ಕೊಡಬೇಕು. ಚಿಪ್ಪಿನ ಮಣಿಗಳನ್ನು ಪೋಣಿಸಿ ನೇಯ್ದ ಪಟ್ಟಿ ಅದು. ಪಟ್ಟಿ ಇಲ್ಲದ ಮಾತಿಗೆ ತೂಕವಿಲ್ಲ. ಕೇಳಿದ್ದಕ್ಕೆ ಅಂದೇ ಉತ್ತರ ಕೊಡುವುದು ಅಗೌರವ. ರಾತ್ರಿ ತಮ್ಮವರೊಡನೆ ಕೂತು ಚರ್ಚಿಸಿ ಮರುದಿನವೇ ಉತ್ತರ. ಫಿಲಡೆಲ್ಫಿಯಾದ ಅವಸರದ ಅಧಿಕಾರಿಗಳಿಗೆ ಇದನ್ನೆಲ್ಲ ತಿಳಿಸಿ ಕಾಯಿಸುವುದು, ಯಾರಿಗೆ ಯಾವ ಉಡುಗೊರೆ, ಯಾರು ಮೊದಲು ಎದ್ದು ಮಾತಾಡಬೇಕು ಎಂದು ಹೇಳಿಕೊಡುವುದು ವೈಸರ್ ಕೆಲಸ. 1744ರ ಲ್ಯಾಂಕಾಸ್ಟರ್ ಸಂಧಾನದಲ್ಲಿ ಮೇರಿಲ್ಯಾಂಡಿನ ಕಾರ್ಯದರ್ಶಿಯಾಗಿ ಬಂದಿದ್ದವನೊಬ್ಬ ದಿನಚರಿ ಬರೆದಿಟ್ಟಿದ್ದಾನೆ. ಅದರಲ್ಲಿ ವೈಸರ್ ಹೊರಗಿನಿಂದ ಬಂದ ಯುವಕರಿಗೆ ಕೊಟ್ಟ ಎಚ್ಚರಿಕೆ ಇದೆ. ಇವರ ಉಡುಗೆ ತೊಡುಗೆ ನೋಡಿ ನಗಬೇಡಿ, ಇವರಲ್ಲಿ ಬಹಳ ಜನಕ್ಕೆ ಇಂಗ್ಲಿಷ್ ಅರ್ಥವಾಗುತ್ತದೆ, ಸಂಧಾನದ ಹೊತ್ತಿನಲ್ಲಿ ಮಾತಾಡುವುದಿಲ್ಲ ಅಷ್ಟೆ, ಅಂತ.

ಅದೇ ಲ್ಯಾಂಕಾಸ್ಟರ್ ಸಭೆಯಲ್ಲಿ ಒನೊಂಡಾಗ ಮುಖಂಡ ಕನಸಟೀಗೋ ವಸಾಹತುಗಳವರಿಗೆ ನಮ್ಮ ಹಾಗೆ ಒಂದಾಗಿರಿ ಎಂದು ಬುದ್ಧಿ ಹೇಳಿದ್ದು. ಆ ಮಾತನ್ನು ಇಂಗ್ಲಿಷಿಗೆ ತಂದವನು ವೈಸರ್. ಆ ಸಂಧಾನದ ವರದಿಯನ್ನು ಅಚ್ಚು ಹಾಕಿದವನು ಬೆಂಜಮಿನ್ ಫ್ರಾಂಕ್ಲಿನ್. ಇದನ್ನು ಪ್ರವಾಸಿಗಳಿಗೆ ಹೆಮ್ಮೆಯಿಂದ ಹೇಳುತ್ತಾರೆ, ಹೇಳಬೇಕಾದ್ದೇ. ಆದರೆ ಅದೇ ಸಭೆಯಲ್ಲಿ ವರ್ಜೀನಿಯಾದವರು ಪಡೆದ ಪತ್ರದ ಮಾತು ಅಷ್ಟಾಗಿ ಹೇಳುವುದಿಲ್ಲ. ಇರೊಕ್ವಾ ಮುಖಂಡರು ತಾವು ಬಿಟ್ಟುಕೊಟ್ಟದ್ದು ಶೆನಂಡೋವ ಕಣಿವೆ ಎಂದು ತಿಳಿದಿದ್ದರು. ವರ್ಜೀನಿಯಾದ ಲೆಕ್ಕದಲ್ಲಿ ರಾಜ ಕೊಟ್ಟ ಸನ್ನದಿನ ಗಡಿಯೊಳಗಿನ ಪಶ್ಚಿಮದ ನೆಲವೆಲ್ಲ ಅದರಲ್ಲಿ ಸೇರಿಹೋಗಿತ್ತು.

ಆತನ ದಿನಚರಿಗಳಲ್ಲಿ ನನಗೆ ತುಂಬಾ ಇಷ್ಟವಾದ ಭಾಗ 1737ರ ಪ್ರಯಾಣದ್ದು. ವರ್ಜೀನಿಯಾದ ಗವರ್ನರ್ ದಕ್ಷಿಣದ ಚೆರೋಕಿ, ಕಟಾಬಾ ಜನರಿಗೂ ಇರೊಕ್ವಾ ಒಕ್ಕೂಟಕ್ಕೂ ನಡುವಿನ ಕದನ ನಿಲ್ಲಿಸಬೇಕೆಂದು ಕೇಳಿಕೊಂಡಿದ್ದ. ಫೆಬ್ರವರಿ ಕೊನೆಗೆ, ಹಿಮ ಇನ್ನೂ ಕರಗದಿರುವಾಗ, ವೈಸರ್ ಶಿಕೆಲಾಮಿ ಮತ್ತು ಇನ್ನಿಬ್ಬರೊಡನೆ ಒಕ್ಕೂಟದ ಸಭೆ ಸೇರುವ ಊರಾದ ಒನೊಂಡಾಗಕ್ಕೆ ಹೊರಟ. ಬೆಟ್ಟದ ಒಂದು ಕಡಿದಾದ ಮಗ್ಗುಲಲ್ಲಿ ಶಿಕೆಲಾಮಿ ಕಾಲು ಜಾರಿದ. ಕೆಳಗೆ ಕಂದರ. ಬೆನ್ನಿನ ಹೊರೆಯ ಪಟ್ಟಿ ಒಂದು ಎಳೆ ಮರಕ್ಕೆ ಸಿಕ್ಕಿಕೊಂಡದ್ದರಿಂದ ಉಳಿದ. ಎದ್ದು ನಿಂತು ತನ್ನನ್ನು ಇನ್ನಷ್ಟು ದಿನ ಬದುಕಲು ಬಿಟ್ಟ ಸೃಷ್ಟಿಕರ್ತನಿಗೆ ಕೈಮುಗಿದನೆಂದು ವೈಸರ್ ಬರೆದಿದ್ದಾನೆ. ವಾರಗಟ್ಟಲೆ ಹೀಗೇ ನಡೆದ ಮೇಲೆ, ಏಪ್ರಿಲ್‌ನಲ್ಲಿ, ಹೊಟ್ಟೆಗಿಲ್ಲದೆ ವೈಸರ್‌ನೇ ಸೋತುಬಿಟ್ಟ. ಸಾಯೋಣವೆಂದು ದಾರಿಯಿಂದ ಸರಿದು ಒಂದು ಮರದ ಮರೆಯಲ್ಲಿ ಕೂತ. ಹುಡುಕಿಕೊಂಡು ಬಂದ ಶಿಕೆಲಾಮಿ ಸ್ವಲ್ಪ ಹೊತ್ತು ಮಾತಾಡದೆ ನಿಂತ. ಆಮೇಲೆ ಕಷ್ಟದ ದಿನ ಸುಖದ ದಿನಕ್ಕಿಂತ ಮೇಲು, ಸುಖದಲ್ಲಿ ನಮ್ಮ ತಪ್ಪು ನಮಗೆ ಕಾಣುವುದಿಲ್ಲ ಎಂಬ ಅರ್ಥದ ಮಾತು ಹೇಳಿ ಎಬ್ಬಿಸಿದ. ಮರುದಿನ ಒನೊಂಡಾಗ ತಲುಪಿದರು. ಒಂದು ವರ್ಷದ ಕದನವಿರಾಮಕ್ಕೆ ಒಪ್ಪಿಗೆಯೂ ಸಿಕ್ಕಿತು. ಭಕ್ತ ಕ್ರೈಸ್ತನೊಬ್ಬ ತನಗೆ ಧರ್ಮದ ಮಾತು ಹೇಳಿದವನು ಒನೈಡಾ ಮುಖಂಡ ಎಂದು ಮುಚ್ಚುಮರೆಯಿಲ್ಲದೆ ಬರೆದಿಟ್ಟಿದ್ದಾನಲ್ಲ, ಅದು ದೊಡ್ಡದು.

ಇಬ್ಬರ ಕನಸಿನ ಕಥೆಯನ್ನೂ ನೀವು ಅಲ್ಲಿ ಕೇಳಿರಬಹುದು. ವೈಸರ್ ತನಗೆ ಬಂದೂಕು ಕೊಟ್ಟ ಹಾಗೆ ಶಿಕೆಲಾಮಿಗೆ ಕನಸು ಬಿತ್ತಂತೆ, ವೈಸರ್ ಕೊಟ್ಟನಂತೆ. ಆಮೇಲೆ ಶಿಕೆಲಾಮಿ ತನಗೆ ನದಿಯ ದ್ವೀಪ ಕೊಟ್ಟ ಹಾಗೆ ವೈಸರ್‌ಗೆ ಕನಸಂತೆ. ದ್ವೀಪ ಕೊಟ್ಟು, ಇನ್ನು ನಾವಿಬ್ಬರೂ ಕನಸು ಕಾಣುವುದು ಬೇಡ ಎಂದನಂತೆ. ನಂಬಬೇಡಿ. ಇದೇ ಕಥೆಯನ್ನು ಬಂದೂಕಿನ ಬದಲು ಕೆಂಪು ಕೋಟು ಹಾಕಿ ನ್ಯೂಯಾರ್ಕಿನ ವಿಲಿಯಂ ಜಾನ್ಸನ್ ಮತ್ತು ಮೊಹಾಕ್ ಮುಖಂಡ ಹೆಂಡ್ರಿಕ್ ಬಗ್ಗೆಯೂ ಹೇಳುತ್ತಾರೆ. ಜಮೀನು ಕೈಬದಲಾದದ್ದನ್ನು ಹಾಸ್ಯ ಮಾಡಿ ಮರೆಸುವ ಕಥೆ ಇದು. ಶಿಕೆಲಾಮಿಯಂಥ ಮನುಷ್ಯನಿಗೆ ಇದರಿಂದ ಅನ್ಯಾಯವಾಗುತ್ತದೆ.

ನಡುವೆ ಕೆಲವು ವರ್ಷ ವೈಸರ್ ಎಫ್ರಾಟಾ ಎಂಬಲ್ಲಿನ ವಿರಕ್ತರ ಮಠದಂಥ ಸಮುದಾಯ ಸೇರಿ, ಗಡ್ಡ ಬಿಟ್ಟು, ಹಳೆಯ ಪಂಗಡದ ಪುಸ್ತಕಗಳನ್ನು ಸುಟ್ಟದ್ದೂ ಉಂಟು. ಆಮೇಲೆ ಅಲ್ಲಿನ ಗುರುವಿನ ಜೊತೆ ಜಗಳವಾಗಿ ಹೊರಬಂದ. 1741ರಲ್ಲಿ ಲ್ಯಾಂಕಾಸ್ಟರ್ ಕೌಂಟಿಯ ಜಸ್ಟೀಸ್ ಆಫ್ ದಿ ಪೀಸ್ ಆದ. ಕೆಳಹಂತದ ನ್ಯಾಯಾಧೀಶ ಅನ್ನಿ. ಸಾಲದ ಜಗಳ, ಬೇಲಿಯ ಜಗಳ, ಹೊಡೆದಾಟ, ಪ್ರಮಾಣವಚನ, ಇಂಥವು ಮನೆಯ ಬಾಗಿಲಿಗೇ ಬರುತ್ತಿದ್ದವು. ಜರ್ಮನ್ ರೈತರಿಗೆ ತಮ್ಮ ಭಾಷೆಯಲ್ಲೇ ಕಷ್ಟ ಹೇಳಿಕೊಳ್ಳಲು ಒಬ್ಬ ಸಿಕ್ಕಿದ. 1748ರಲ್ಲಿ ರೆಡಿಂಗ್ ಪಟ್ಟಣ ಹುಟ್ಟುವಾಗ ನಿವೇಶನ ಹಂಚಿದವರಲ್ಲಿ ಆತನೂ ಇದ್ದ. 1752ರಲ್ಲಿ ಬರ್ಕ್ಸ್ ಕೌಂಟಿ ಬೇರೆಯಾದಾಗ ಅದರ ಮುಖ್ಯ ನ್ಯಾಯಾಧೀಶನಾಗಿ ಸಾಯುವವರೆಗೂ ಆ ಪೀಠದಲ್ಲಿದ್ದ.

ಸಂಬಳದ ಪ್ರಶ್ನೆಗೆ ಇಲ್ಲೇ ಉತ್ತರ. ತಿಂಗಳ ಸಂಬಳ ಅಂತ ಇರಲಿಲ್ಲ. ಜಸ್ಟೀಸ್‌ಗೆ ಬರುತ್ತಿದ್ದದ್ದು ಕಾಗದಪತ್ರದ ಶುಲ್ಕ. ದುಭಾಷಿ ಕೆಲಸಕ್ಕೆ ಪ್ರತಿ ಪ್ರಯಾಣದ ಲೆಕ್ಕ ಬರೆದು ಕಳಿಸಬೇಕು, ಸರ್ಕಾರ ಮಂಜೂರು ಮಾಡಿದಷ್ಟು ಸಿಗುತ್ತಿತ್ತು. ಬದುಕು ನಡೆದದ್ದು ಹೊಲದಿಂದ ಮತ್ತು ರೆಡಿಂಗ್‌ನ ಅಂಗಡಿಯಿಂದ. ಆದರೆ ದೊಡ್ಡ ಲಾಭ ಬೇರೆಯೇ. ಯಾವ ಜಮೀನು ಯಾವಾಗ ಮಾರಾಟಕ್ಕೆ ಬರುತ್ತದೆ ಎಂದು ಮೊದಲು ಗೊತ್ತಾಗುತ್ತಿದ್ದದ್ದು ಇಂಥವರಿಗೇ. ವೈಸರ್ ತನ್ನ ಜಮೀನನ್ನು ಚೆನ್ನಾಗಿಯೇ ಬೆಳೆಸಿಕೊಂಡ.

ಈಗ ಆ ಜಮೀನಿನ ವಿಷಯಕ್ಕೆ ಬರೋಣ. ಡೆಲವೇರ್ ನದಿಯ ಕಡೆ ತಲತಲಾಂತರದಿಂದ ಇದ್ದವರು ಲೆನಾಪೆ ಜನ. ಇಂಗ್ಲಿಷರು ಇವರನ್ನು ಡೆಲವೇರರು ಎನ್ನುತ್ತಿದ್ದರು. ವಿಲಿಯಂ ಪೆನ್‌ನ ಮಕ್ಕಳಿಗೆ ಸಾಲ ಜಾಸ್ತಿಯಾಗಿತ್ತು, ಮಾರಲು ನೆಲ ಬೇಕಿತ್ತು. ಲೆನಾಪೆಗಳನ್ನು ಒಪ್ಪಿಸುವುದು ಕಷ್ಟ. ಪೆನ್ ಮನೆತನದ ಬಲಗೈ ಜೇಮ್ಸ್ ಲೋಗನ್‌ಗೆ ಹೊಳೆದ ಉಪಾಯವೆಂದರೆ ಲೆನಾಪೆಗಳ ಮೇಲೆ ಇರೊಕ್ವಾ ಒಕ್ಕೂಟದ ಯಜಮಾನಿಕೆಯನ್ನು ಒಪ್ಪಿಕೊಂಡು, ಅವರ ಕೈಯಿಂದಲೇ ನೆಲ ಬಿಡಿಸಿಕೊಳ್ಳುವುದು. 1736ರಲ್ಲಿ ಫಿಲಡೆಲ್ಫಿಯಾ ಸಂಧಾನ ಮುಗಿಸಿ ವಾಪಸ್ಸಾಗುತ್ತಿದ್ದ ಇರೊಕ್ವಾ ಮುಖಂಡರಿಂದ ಟುಲ್ಪೆಹಾಕನ್‌ನಲ್ಲಿ ಇನ್ನೊಂದು ಪತ್ರಕ್ಕೆ ಗುರುತು ಹಾಕಿಸಿಕೊಂಡವನು ವೈಸರ್. ಡೆಲವೇರ್ ನದಿಯ ಬಳಿಯ ನೆಲದ ಮೇಲೂ ತಮಗಿದ್ದ ಹಕ್ಕನ್ನು ಅವರು ಬಿಟ್ಟುಕೊಟ್ಟರು ಎನ್ನುವ ಪತ್ರ. ಸಭೆಯಲ್ಲಿ ಅವರು ಆ ಹಕ್ಕಿನ ಮಾತನ್ನೇ ಎತ್ತಿರಲಿಲ್ಲ.

ಮರುವರ್ಷ ನಡೆದದ್ದು ಅಮೆರಿಕದ ಇತಿಹಾಸದಲ್ಲಿ ವಾಕಿಂಗ್ ಪರ್ಚೇಸ್ ಎಂದು ಕುಖ್ಯಾತವಾದ ಮೋಸ. ಒಬ್ಬ ಮನುಷ್ಯ ಒಂದೂವರೆ ದಿನದಲ್ಲಿ ನಡೆಯುವಷ್ಟು ದೂರದ ನೆಲ ಕೊಡಲು ಲೆನಾಪೆ ಹಿರಿಯರು ಹಿಂದೆ ಒಪ್ಪಿದ್ದರೆಂದು ಒಂದು ಹಳೇ ಕಾಗದ ತೋರಿಸಿದರು. ಮೊದಲೇ ದಾರಿ ಕಡಿಸಿ, ಗಟ್ಟಿ ಕಾಲಿನ ಮೂವರನ್ನು ಬಾಡಿಗೆಗೆ ಹಿಡಿದು, 1737ರ ಸೆಪ್ಟೆಂಬರ್‌ನಲ್ಲಿ ನಡೆಸಿದರು. ಕೊನೆಯವರೆಗೂ ಉಳಿದವನು ಸುಮಾರು 100 ಕಿಲೋಮೀಟರ್ ದಾಟಿದ. ಇದರಲ್ಲಿ ವೈಸರ್ ಕೈ ನೇರವಾಗಿ ಇರಲಿಲ್ಲ. ಆದರೆ 1742ರಲ್ಲಿ ಲೆನಾಪೆಗಳು ನೆಲ ಬಿಡುವುದಿಲ್ಲ ಎಂದು ಕೂತಾಗ ಕನಸಟೀಗೋ ಫಿಲಡೆಲ್ಫಿಯಾದ ಸಭೆಯಲ್ಲಿ ಅವರನ್ನು ಎಲ್ಲರೆದುರು ಹೀನಾಯವಾಗಿ ಬೈದು, ಜಾಗ ಖಾಲಿ ಮಾಡಿ ಹೋಗಿ ಎಂದು ಆಜ್ಞೆ ಮಾಡಿದ. ಆ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದ್ದು ವೈಸರ್‌ನ ಬಾಯಿ.

1754ರ ಜುಲೈಯಲ್ಲಿ ನ್ಯೂಯಾರ್ಕಿನ ಆಲ್ಬನಿಯಲ್ಲಿ ಮತ್ತೆ ಅದೇ ಆಟ, ಇನ್ನೂ ದೊಡ್ಡದಾಗಿ. ಸಸ್ಕ್ವೆಹಾನ್ನಾ ನದಿಯ ಪಶ್ಚಿಮಕ್ಕೆ ಪೆನ್ಸಿಲ್ವೇನಿಯಾದ ಗಡಿಯವರೆಗೂ ಹರಡಿದ ಭಾರೀ ಪ್ರದೇಶವನ್ನು ಪೆನ್ ಮನೆತನದ ಪ್ರತಿನಿಧಿಗಳು ಇರೊಕ್ವಾ ಮುಖಂಡರಿಂದ ಬರೆಸಿಕೊಂಡರು. ಮುಖಂಡರನ್ನು ಒಪ್ಪಿಸಲು ವೈಸರ್ ದುಡಿದ. ಆ ನೆಲದ ಮೇಲೆ ವಾಸವಾಗಿದ್ದವರು ಲೆನಾಪೆ, ಶಾನಿ ಮೊದಲಾದವರು. ಅವರನ್ನು ಯಾರೂ ಕೇಳಲಿಲ್ಲ. ಪೂರ್ವದಿಂದ ಒಮ್ಮೆ ಎದ್ದು ಬಂದವರನ್ನು ಮತ್ತೆ ಎಬ್ಬಿಸಿದ ಹಾಗಾಯಿತು.

1755ರ ಜುಲೈ 9ರಂದು ಬ್ರಿಟಿಷ್ ಜನರಲ್ ಬ್ರ್ಯಾಡಕ್‌ನ ಸೈನ್ಯ ಫ್ರೆಂಚರು ಮತ್ತು ಅವರ ಮೂಲನಿವಾಸಿ ಮಿತ್ರರ ಕೈಯಲ್ಲಿ ನುಚ್ಚುನೂರಾಯಿತು. ಗಡಿ ಕಾಯಲು ಯಾರೂ ಉಳಿಯಲಿಲ್ಲ. ಅಕ್ಟೋಬರ್ 16ರಂದು ಸಸ್ಕ್ವೆಹಾನ್ನಾದ ಆಚೆಯ ಪೆನ್ಸ್ ಕ್ರೀಕ್‌ನಲ್ಲಿ ಲೆನಾಪೆ ಯೋಧರು ಹೊಸ ವಸತಿಗಾರರ ಮೇಲೆ ಬಿದ್ದರು. ಕೆಲವರನ್ನು ಕೊಂದರು, ಮಕ್ಕಳೂ ಸೇರಿ ಹಲವರನ್ನು ಸೆರೆಹಿಡಿದರು. ಆ ಹಳ್ಳ ಹರಿಯುವುದು ಆಲ್ಬನಿಯಲ್ಲಿ ಬರೆಸಿಕೊಂಡ ನೆಲದಲ್ಲಿ.

ಸುದ್ದಿ ಟುಲ್ಪೆಹಾಕನ್‌ಗೆ ಬಂದಾಗಿನ ಸ್ಥಿತಿ ವೈಸರ್ ಗವರ್ನರ್‌ಗೆ ಬರೆದ ಕಾಗದಗಳಲ್ಲಿದೆ. ಆತ ಸುತ್ತಲಿನವರಿಗೆ ಹೇಳಿಕಳಿಸಿದ. ಸುಮಾರು 300 ಜನ ಸೇರಿದರು. ಕೆಲವರ ಕೈಯಲ್ಲಿ ಬಂದೂಕು, ಕೆಲವರ ಕೈಯಲ್ಲಿ ಕತ್ತಿ, ಮಿಕ್ಕವರದು ಕೊಡಲಿ, ಹುಲ್ಲು ಎತ್ತುವ ಕವೆಗೋಲು, ಮನೆಯಲ್ಲಿ ಏನು ಸಿಕ್ಕಿತೋ ಅದು. ಮೂರು ದಿನಕ್ಕಾಗುವಷ್ಟು ರೊಟ್ಟಿ ಕಟ್ಟಿಕೊಳ್ಳಿ ಎಂದ. ಮೂವತ್ತು ಮೂವತ್ತು ಜನರ ಗುಂಪು ಮಾಡಿ ಒಂದೊಂದಕ್ಕೂ ಒಬ್ಬ ನಾಯಕನನ್ನು ಅವರೇ ಆರಿಸಿಕೊಳ್ಳಲು ಹೇಳಿದ. ಹತ್ತಿರದ ಲೂಥರನ್ ಪಾದ್ರಿ ಬಂದು ಧೈರ್ಯ ಹೇಳಿ ಪ್ರಾರ್ಥನೆ ಮಾಡಿಸಿದ. ನದಿಯ ಕಡೆ ಹೊರಟರು. ದಾರಿಯಲ್ಲಿ ಮತ್ತಷ್ಟು ಕೆಟ್ಟ ಸುದ್ದಿ ಬಂತು. ನಾವು ಅಲ್ಲಿ ಹೋದರೆ ಇಲ್ಲಿ ಹೆಂಡತಿ ಮಕ್ಕಳ ಗತಿ ಏನು ಎಂದು ಮಾತಾಡಿಕೊಂಡು ವಾಪಸ್ಸಾದರು. ಇದು ಹೇಡಿತನ ಅಂತ ನನಗೆ ಅನ್ನಿಸುವುದಿಲ್ಲ. ಕವಾಯತು ಒಂದು ದಿನವೂ ಮಾಡದ ರೈತರು ಅವರು. ತಿಂಗಳ ಕೊನೆಗೆ ಗವರ್ನರ್ ವೈಸರ್‌ಗೆ ಕರ್ನಲ್ ಪದವಿಯ ಪತ್ರ ಕಳಿಸಿದ. ನೀವು ಕೇಳಿದ ಕರ್ನಲ್ ಹುಟ್ಟಿದ್ದು ಹೀಗೆ.

ನವೆಂಬರ್‌ನಲ್ಲಿ ದಾಳಿ ಟುಲ್ಪೆಹಾಕನ್‌ಗೇ ಬಂತು. ಆಗ ಆತನ ಮನೆಯ ಮುಂದೆ ಸೇರಿದ ಆಯುಧ ಹಿಡಿದ ಜನ ಬೇರೆಯೇ ಬೇಡಿಕೆ ಇಟ್ಟರು. ಕೊಂದ ಪ್ರತಿ ಇಂಡಿಯನ್ನನಿಗೂ (ಅಂದರೆ ಮೂಲನಿವಾಸಿಗೂ) ಸರ್ಕಾರ ದುಡ್ಡು ಕೊಡಬೇಕು, ಕೊಡುತ್ತೇನೆಂದು ನೀನೇ ಮಾತು ಕೊಡು ಅಂತ. ನನಗೆ ಆ ಅಧಿಕಾರವಿಲ್ಲ ಎಂದ. ಜನ ರೊಚ್ಚಿಗೆದ್ದು ದೇಶ ಮಾರಿದವರು ನೀವು ಎಂದು ಕೂಗಾಡಿದರು. ತನ್ನನ್ನು ಗುಂಡಿಟ್ಟು ಕೊಲ್ಲುವ ಸ್ಥಿತಿಯಿತ್ತು ಎಂದು ಆತನೇ ಬರೆದಿದ್ದಾನೆ. ಎಷ್ಟು ಕ್ರೂರ ನೋಡಿ. ಆ ಜನರ ಬಾಯಲ್ಲಿ ಬಂದ ಆರೋಪ ಅವರು ಅಂದುಕೊಂಡ ಅರ್ಥದಲ್ಲಿ ಸುಳ್ಳು. ಲೆನಾಪೆಯವನೊಬ್ಬ ಅದೇ ಮಾತನ್ನು ಹೇಳಿದ್ದರೆ ವೈಸರ್ ಏನು ಉತ್ತರ ಕೊಡಬಹುದಿತ್ತು? ಅವರು ಕೇಳಿದ ಬಹುಮಾನವನ್ನು 1756ರ ಏಪ್ರಿಲ್‌ನಲ್ಲಿ ಗವರ್ನರ್ ಮಾರಿಸ್ ಲೆನಾಪೆಗಳ ಮೇಲೆ ಯುದ್ಧ ಸಾರಿ ಘೋಷಿಸಿಯೇಬಿಟ್ಟ. ಅದನ್ನು ಸಹಿಸದೆ ಹಲವು ಕ್ವೇಕರರು ಶಾಸನಸಭೆ ಬಿಟ್ಟು ಹೊರನಡೆದರು.

ಇಲ್ಲೊಂದು ವ್ಯತ್ಯಾಸ ಗಮನಿಸಿ. 1755ರ ಅಕ್ಟೋಬರ್‌ನಲ್ಲಿ ಸೇರಿದ್ದು ಊರ ಜನ. 1756ರಲ್ಲಿ ವೈಸರ್ ಲೆಫ್ಟಿನೆಂಟ್ ಕರ್ನಲ್ ಆಗಿ ನಡೆಸಿದ ಪೆನ್ಸಿಲ್ವೇನಿಯಾ ರೆಜಿಮೆಂಟಿನ ಮೊದಲನೇ ಬೆಟಾಲಿಯನ್ ಹಾಗಲ್ಲ. ಅದು ಪ್ರಾಂತ್ಯದ ಸರ್ಕಾರ ಕೂಲಿ ಕೊಟ್ಟು ಅವಧಿಗೆಂದು ಸೇರಿಸಿಕೊಂಡ ಪಡೆ. ಸಸ್ಕ್ವೆಹಾನ್ನಾದಿಂದ ಡೆಲವೇರ್ ನದಿಯವರೆಗೆ ಬ್ಲೂ ಮೌಂಟನ್ ಸಾಲಿನಲ್ಲಿ ಕಟ್ಟಿದ ಮರದ ಕೋಟೆಗಳನ್ನು ಕಾಯುವುದು ಇದರ ಕೆಲಸ. ಫೋರ್ಟ್ ಹೆನ್ರಿ, ಫೋರ್ಟ್ ಸ್ವಟಾರಾ, ಫೋರ್ಟ್ ಲೆಬನನ್ ಅಂಥವು. ಕೋಟೆ ಅಂದರೆ ಚಿತ್ರದುರ್ಗ ನೆನಪಿಸಿಕೊಳ್ಳಬೇಡಿ. ಚೂಪು ಮಾಡಿದ ದಿಮ್ಮಿಗಳನ್ನು ಸುತ್ತ ನೆಟ್ಟು ಒಳಗೆ ಒಂದೆರಡು ಗುಡಿಸಲು. ಅರವತ್ತರ ಹತ್ತಿರದ ಮನುಷ್ಯ ಅವುಗಳ ನಡುವೆ ಕುದುರೆ ಮೇಲೆ ಓಡಾಡುತ್ತಾ ಮದ್ದುಗುಂಡು, ಹಿಟ್ಟು, ಓಡಿಹೋದ ಸಿಪಾಯಿಗಳ ಲೆಕ್ಕ ಬರೆಯುತ್ತಿದ್ದ. 1756ರ ಬೇಸಿಗೆಯಲ್ಲಿ ಬೆಳೆ ಕಟಾವಿಗೆ ಬಂತು, ಹೊಲಕ್ಕಿಳಿಯಲು ರೈತರಿಗೆ ಭಯ. ಸಿಪಾಯಿಗಳನ್ನು ಕೋಟೆಯಿಂದ ತೆಗೆದು ಯಾವ ಹೊಲಗಳ ಬಳಿ ಎಷ್ಟು ಜನ ಎಂದು ಹಂಚುವ ಏರ್ಪಾಡು ಮಾಡಿದ. ಅವನ ಸೈನಿಕ ಬದುಕಿನಲ್ಲಿ ಎಣಿಸಬೇಕಾದ ಕೆಲಸ ಇದು ಎಂದು ನನ್ನ ಅಭಿಪ್ರಾಯ. ಗೆದ್ದ ಕದನ ಒಂದೂ ಇಲ್ಲ. ಒಕ್ಕಲುತನ ಗೊತ್ತಿದ್ದ ಕರ್ನಲ್ ಆಗಿದ್ದರಿಂದ ಕೊಯ್ಲಿನ ಬೆಲೆ ಗೊತ್ತಿತ್ತು.

ಅದೇ ವರ್ಷ ಶಮೋಕಿನ್‌ನಲ್ಲಿ ಇನ್ನೊಂದು ಬೆಟಾಲಿಯನ್ ಫೋರ್ಟ್ ಆಗಸ್ಟಾ ಕಟ್ಟಿತು. ಸ್ನೇಹದಿಂದಿದ್ದ ಮೂಲನಿವಾಸಿಗಳೂ ಅಲ್ಲೊಂದು ಕೋಟೆ ಬೇಕೆಂದು ಕೇಳಿದ್ದರು. ಹನ್ನೆರಡು ವರ್ಷದ ಹಿಂದೆ, 1744ರಲ್ಲಿ, ಅದೇ ಶಮೋಕಿನ್‌ನಲ್ಲಿ ವೈಸರ್ ಆಳುಗಳನ್ನು ಕರೆದುಕೊಂಡು ಹೋಗಿ ಶಿಕೆಲಾಮಿಗೆ ಮರದ ಮನೆ ಕಟ್ಟಿಕೊಟ್ಟಿದ್ದ. ಶಿಕೆಲಾಮಿ 1748ರಲ್ಲೇ ತೀರಿಕೊಂಡಿದ್ದ.

1758ರಲ್ಲಿ ಆತ ಸೈನ್ಯದ ಕೆಲಸ ಬಿಟ್ಟ. ಅದೇ ವರ್ಷದ ಈಸ್ಟನ್ ಸಂಧಾನದಲ್ಲಿ ಮತ್ತೆ ದುಭಾಷಿಯಾಗಿ ಕೂತ. ಆಲ್ಬನಿಯಲ್ಲಿ ಬರೆಸಿಕೊಂಡ ನೆಲದಲ್ಲಿ ಅಲ್ಲೆಘೆನಿ ಬೆಟ್ಟಗಳ ಆಚೆಯದನ್ನು ಪೆನ್ ಮನೆತನ ಅಲ್ಲಿ ವಾಪಸ್ಸು ಕೊಟ್ಟಿತು. ನಾಲ್ಕು ವರ್ಷದ ಹಿಂದೆ ತಾನು ಕೊಡಿಸಿದ್ದನ್ನು ತಾನೇ ಮುಂದೆ ನಿಂತು ಬಿಡಿಸಬೇಕಾಯಿತು. ಅಲ್ಲಿಂದ ಪೆನ್ಸಿಲ್ವೇನಿಯಾದ ಗಡಿ ಸ್ವಲ್ಪ ಕಾಲ ತಣ್ಣಗಾಯಿತು. 1760ರ ಜುಲೈ 13ರಂದು ವೈಸರ್ ತನ್ನ ಹೊಲದಲ್ಲೇ ತೀರಿಕೊಂಡ. ಮರುವರ್ಷದ ಸಂಧಾನಕ್ಕೆ ಬಂದ ಇರೊಕ್ವಾ ಮುಖಂಡರು ಅವನಿಗಾಗಿ ವಿಧಿಯಂತೆ ಶೋಕ ಹೇಳಿದರು. ಅವನು ಹೋದ ಮೇಲೆ ನಮ್ಮ ಮಾತು ನಿಮಗೆ, ನಿಮ್ಮ ಮಾತು ನಮಗೆ ಸರಿಯಾಗಿ ತಿಳಿಯುತ್ತಿಲ್ಲ ಎಂದು ಅವರು ಹೇಳಿದ್ದು ದಾಖಲಾಗಿದೆ.

ಸ್ನೇಹಿತನೋ ಅಲ್ಲವೋ ಎಂದು ನೀವು ಕೇಳಿದ್ದಕ್ಕೆ ನಾನು ಹೇಳುವುದು ಇಷ್ಟು. ಇರೊಕ್ವಾ ಜನರಿಗೆ ಆತ ನಿಜವಾಗಿ ಸ್ನೇಹಿತ, ಆ ಸ್ನೇಹದಲ್ಲಿ ಕಪಟ ಕಾಣುವುದಿಲ್ಲ. ಆದರೆ ಅವರೊಂದಿಗಿನ ಸ್ನೇಹದ ಖರ್ಚನ್ನು ತೆತ್ತವರು ಲೆನಾಪೆ ಜನ. ಮೂಲನಿವಾಸಿಗಳು ಎಂದು ಎಲ್ಲರನ್ನೂ ಒಂದೇ ಗುಂಪಾಗಿ ನೋಡಿದರೆ ಇದು ಕಾಣುವುದೇ ಇಲ್ಲ. ಲೆನಾಪೆಗಳ ಸಂತತಿಯವರು ಇವತ್ತು ಬಹುಪಾಲು ಇರುವುದು ಓಕ್ಲಹೋಮಾ, ವಿಸ್ಕಾನ್ಸಿನ್, ಕೆನಡಾದ ಒಂಟಾರಿಯೋದಲ್ಲಿ, ಡೆಲವೇರ್ ನದಿಯಿಂದ ಬಹಳ ದೂರ.

ಕೊನೆಗೆ ಮ್ಯೂಲೆನ್‌ಬರ್ಗ್. ವೈಸರ್‌ನ ಮಗಳು ಅನ್ನಾ ಮರಿಯಾ 1745ರಲ್ಲಿ ಹೆನ್ರಿ ಮೆಲ್ಕಿಯೋರ್ ಮ್ಯೂಲೆನ್‌ಬರ್ಗ್ ಎಂಬ ಪಾದ್ರಿಯನ್ನು ಮದುವೆಯಾದಳು. ಅವನನ್ನು ಕಳಿಸಿದ್ದು ಜರ್ಮನಿಯ ಹಾಲೆ ಪಟ್ಟಣದ ಲೂಥರನ್ ಕೇಂದ್ರ. ತಮಿಳುನಾಡಿನ ತರಂಗಂಬಾಡಿಗೆ 1706ರಲ್ಲಿ ಬಂದ ಮಿಷನರಿಗಳ ಬೆನ್ನಿಗೆ ನಿಂತದ್ದೂ ಅದೇ ಹಾಲೆ. ಅಮೆರಿಕದ ಲೂಥರನ್ ಚರ್ಚನ್ನು ಒಂದು ವ್ಯವಸ್ಥೆಗೆ ತಂದವನು ಈ ಅಳಿಯ. ಅವನ ಮಕ್ಕಳಲ್ಲಿ ಪೀಟರ್ ಕ್ರಾಂತಿಯುದ್ಧದಲ್ಲಿ ವಾಷಿಂಗ್ಟನ್‌ನ ಸೈನ್ಯದ ಜನರಲ್ ಆದ. ಇನ್ನೊಬ್ಬ ಮಗ ಫ್ರೆಡರಿಕ್ 1789ರಲ್ಲಿ ಅಮೆರಿಕದ ಪ್ರತಿನಿಧಿ ಸಭೆಯ ಮೊದಲ ಸ್ಪೀಕರ್ ಆದ. ಇಬ್ಬರೂ ವೈಸರ್‌ಗೆ ಮಗಳ ಮಕ್ಕಳು. ಮುಂದಿನ ಸಲ ಆ ಕಡೆ ಹೋದರೆ ವಾಯುವ್ಯಕ್ಕೆ ಹೋಗಿ ಸನ್‌ಬರಿ ಪಟ್ಟಣವನ್ನೂ ನೋಡಿ ಬನ್ನಿ. ಹಿಂದಿನ ಶಮೋಕಿನ್ ಅದೇ. ಶಿಕೆಲಾಮಿ ಇದ್ದದ್ದು, ಫೋರ್ಟ್ ಆಗಸ್ಟಾ ಎದ್ದದ್ದು ಅಲ್ಲೇ.